ಶಾಲೆಯ ಮುಂದಿನ ರಸ್ತೆ: ಹಕ್ಕೊತ್ತಾಯ ಯೋಜನೆಯ ಉದ್ದೇಶಗಳು ರೂಪುಗೊಂಡ ಹಂತ

ಮಕ್ಕಳು ನಡೆದು ಶಾಲೆಗೆ ಹೋಗಿಬರುವ ದಾರಿ ಸುರಕ್ಷಿತವಾಗಿರಬೇಕು ಎಂಬುದು ನಮ್ಮ ಬಳಗದ ಹಕ್ಕೊತ್ತಾಯ ಯೋಜನೆಯ ಗುರಿ. ಇದರ ಬಗ್ಗೆ ಯಾರಲ್ಲೂ ಭಿನ್ನಾಭಿಪ್ರಾಯವಿಲ್ಲದ ಕಾರಣ ಗುರಿಯ ವಾಕ್ಯ ಬೇಗನೆ ಅಂತಿಮಗೊಂಡಿತು. ಈ ಹಂತದ ಶ್ರಮವೆಲ್ಲ ಅದರ ಕೆಳಗೆ ಬರುವ ಉದ್ದೇಶಗಳಿಗೆ ಸಂದಿದೆ. ಯಾರು, ಏನನ್ನು, ಯಾವಾಗಿನೊಳಗೆ ನಿರ್ಧರಿಸಬೇಕು ಎಂದು ಬರೆಯತೊಡಗಿದಾಗಲೇ ಯೋಜನೆಯ ನಿಜವಾದ ಕೆಲಸ ಆರಂಭವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಪೋಷಕರಲ್ಲಿ ಜಾಗೃತಿ ಮೂಡಿಸುವುದು’, ‘ಅಧಿಕಾರಿಗಳ ಗಮನ ಸೆಳೆಯುವುದು’ ಎಂಬಂಥ ಸಲಹೆಗಳು ಸಭೆಯಲ್ಲಿ ಬಂದವು. ಇವು ಈಡೇರಿದವೋ ಇಲ್ಲವೋ ಎಂಬುದನ್ನು ವರ್ಷದ ಕೊನೆಯಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಉದ್ದೇಶಗಳನ್ನು ಬರೆಯಲು 1981ರಲ್ಲಿ ನಿರ್ವಹಣಾ ಸಲಹೆಗಾರ ಜಾರ್ಜ್ ಡೋರನ್ ಅವರು ಮುಂದಿಟ್ಟ, ಇಂದು ‘ಸ್ಮಾರ್ಟ್’ ಎಂದು ಪ್ರಸಿದ್ಧವಾಗಿರುವ ಐದು ಮಾನದಂಡಗಳಲ್ಲಿ, ಕೆಲಸವನ್ನು ಮಾಡಬೇಕಾದವರು ಯಾರೆಂದು ಗೊತ್ತುಪಡಿಸಬೇಕು ಎಂಬುದೂ ಒಂದು. ನಂತರ ಬಳಕೆಗೆ ಬಂದ ಹಲವು ಪಟ್ಟಿಗಳಲ್ಲಿ ಅದು ಬಿಟ್ಟುಹೋಗಿದೆ. ಹಕ್ಕೊತ್ತಾಯದಲ್ಲಿ ಅದನ್ನು ಬಿಡುವಂತಿಲ್ಲ, ಏಕೆಂದರೆ ಇಲ್ಲಿ ಬದಲಾವಣೆಯನ್ನು ಜಾರಿಗೆ ತರುವ ಅಧಿಕಾರ ಕೇಳುವವರ ಕೈಯಲ್ಲಿರದೆ ಬೇರೊಬ್ಬರ ಕೈಯಲ್ಲಿರುತ್ತದೆ.

ಹಾಗಾಗಿ ಮೊದಲ ಉದ್ದೇಶವನ್ನು ಹೀಗೆ ಬರೆದಿದ್ದೇವೆ: ಶಾಲೆಯ ಮುಂದಿನ ರಸ್ತೆಯಲ್ಲಿ ವೇಗಮಿತಿಯನ್ನು ಗಂಟೆಗೆ 30 ಕಿ.ಮೀ.ಗೆ ಇಳಿಸುವ ಆದೇಶವನ್ನು, ಆ ರಸ್ತೆಯ ಮೇಲೆ ಅಧಿಕಾರವುಳ್ಳ ಸಂಸ್ಥೆಯು ಮುಂದಿನ ಶಾಲಾ ವರ್ಷ ಆರಂಭವಾಗುವ ಮುನ್ನ ಹೊರಡಿಸಬೇಕು. 30 ಎಂಬ ಅಂಕಿಗೆ ಗಟ್ಟಿಯಾದ ಆಧಾರವಿದೆ. ಪಾದಚಾರಿಗಳೂ ವಾಹನಗಳೂ ಒಟ್ಟಿಗೆ ಬಳಸುವ ಕಡೆಗಳಲ್ಲಿ ಇದೇ ಮಿತಿಯಿರಬೇಕೆಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಚಿವರ ಸಮ್ಮೇಳನದ 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳುತ್ತದೆ. ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ 50ರಿಂದ 30ಕ್ಕೆ ಇಳಿದರೆ ಆ ಶಕ್ತಿ ಮೊದಲಿನ ಶೇ 36ಕ್ಕೆ ಇಳಿಯುತ್ತದೆ. ವಾಹನ ನಿಲ್ಲಲು ಬೇಕಾಗುವ ದೂರವೂ ಕಡಿಮೆಯಾಗುತ್ತದೆ. ಇದ್ದಕ್ಕಿದ್ದಂತೆ ರಸ್ತೆಗೆ ಇಳಿಯುವ ಮಗುವಿನ ಪಾಲಿಗೆ ಇದು ಜೀವದ ಪ್ರಶ್ನೆ.

ಆದೇಶ ಹೊರಟ ಮಾತ್ರಕ್ಕೆ ವಾಹನಗಳು ನಿಧಾನವಾಗುವುದಿಲ್ಲ. ಆದ್ದರಿಂದ ಎರಡನೆಯ ಉದ್ದೇಶವು ರಸ್ತೆಯ ಮೇಲಿನ ನಿಜವಾದ ವೇಗಕ್ಕೆ ಸಂಬಂಧಿಸಿದೆ. ಶೇ 85ರಷ್ಟು ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನು ಸಂಚಾರ ತಜ್ಞರು ಅಳತೆಯಾಗಿ ಬಳಸುತ್ತಾರೆ. ಆ ವೇಗವು ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ, ಆದೇಶ ಬಂದ ಆರು ತಿಂಗಳೊಳಗೆ, 30ಕ್ಕೆ ಇಳಿಯಬೇಕು ಎಂದು ನಿಶ್ಚಯಿಸಿದ್ದೇವೆ. ಇದಕ್ಕೆ ಈಗಿನ ವೇಗ ಗೊತ್ತಿರಲೇಬೇಕು. ಗುರುತು ಮಾಡಿದ ಎರಡು ಬಿಂದುಗಳ ನಡುವಿನ ದೂರವನ್ನು ದಾಟಲು ವಾಹನ ತೆಗೆದುಕೊಳ್ಳುವ ಸಮಯವನ್ನು ಗಡಿಯಾರದಿಂದ ಅಳೆದು ದಾಖಲಿಸುವ ಕೆಲಸ ನಡೆಯುತ್ತಿದೆ. ಮಳೆಯ ದಿನಗಳ ಅಳತೆಯನ್ನು ಬೇರೆಯಾಗಿ ಬರೆದಿಡುತ್ತಿದ್ದೇವೆ.

ಸಭೆ ನಡೆಸುವುದು, ಸಹಿ ಸಂಗ್ರಹಿಸುವುದು ಮುಂತಾದ ನಮ್ಮದೇ ಕೆಲಸಗಳನ್ನು ಪ್ರತ್ಯೇಕ ಪುಟದಲ್ಲಿ ಬರೆದಿದ್ದೇವೆ. ಅವು ಮುಗಿದರೂ ರಸ್ತೆ ಹಾಗೆಯೇ ಉಳಿದಿರಬಹುದಾದ್ದರಿಂದ ಅವನ್ನು ಫಲಿತಾಂಶಗಳ ಜೊತೆ ಸೇರಿಸಿಲ್ಲ. ಪಾದಚಾರಿ ಮೇಲ್ಸೇತುವೆಯ ಬೇಡಿಕೆಯನ್ನು ಚರ್ಚಿಸಿ ಕೈಬಿಟ್ಟೆವು. ವಾಹನದ ವೇಗವನ್ನು ಹಾಗೆಯೇ ಉಳಿಸಿ, ಭಾರದ ಚೀಲ ಹೊತ್ತ ಮಗುವಿಗೆ ಮೆಟ್ಟಿಲು ಹತ್ತಿಸುವುದು ನ್ಯಾಯವಲ್ಲ. ಗಾಲಿಕುರ್ಚಿ ಬಳಸುವ ಮಗುವಿಗಂತೂ ಮೆಟ್ಟಿಲಿನಿಂದ ಪ್ರಯೋಜನವೇ ಇಲ್ಲ.

ಮೂರನೆಯ ಉದ್ದೇಶ ಇನ್ನೂ ಕರಡಿನಲ್ಲಿದೆ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಕ್ಕಳಿಗೆ ನೀಡಿದೆ. ದಾಟುವ ಜಾಗವನ್ನು ಎಲ್ಲಿ ಗುರುತಿಸಬೇಕೆಂದು ನಿರ್ಧರಿಸುವ ಮುನ್ನ ಅಧಿಕಾರಿಗಳು ಮಕ್ಕಳ ಮಾತನ್ನು ಕೇಳಿ ದಾಖಲಿಸಬೇಕು ಎಂಬಷ್ಟಕ್ಕೆ ಒಮ್ಮತವಿದೆ. ಅದರ ಗಡುವನ್ನೂ, ಜವಾಬ್ದಾರಿ ಹೊರುವ ಅಧಿಕಾರಿ ಯಾರೆಂಬುದನ್ನೂ ಮುಂದಿನ ಸಭೆಯಲ್ಲಿ ನಿಗದಿಪಡಿಸಲಿದ್ದೇವೆ.