ಉಪ್ಪುಕಾಗದದ ಚಿತ್ರಕ್ಕೆ ಅರ್ಧ ಗುಂಜಿ ಬಂಗಾರ

ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಬಳಿದು, ನೆಗೆಟಿವ್‌ನ ಅಡಿಯಲ್ಲಿಟ್ಟು, ಬಿಸಿಲಿನಲ್ಲೇ ಚಿತ್ರ ಮೂಡಿಸುವ ಸಾಲ್ಟ್ ಪ್ರಿಂಟ್ ವಿಧಾನವನ್ನು ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ 1830ರ ದಶಕದಲ್ಲಿ ರೂಪಿಸಿದರು. ಕಾರವಾರದಲ್ಲಿ ಈ ಕೆಲಸ ಮಾಡುವವರಿಗೆ ಬಿಸಿಲಿನ ಕೊರತೆ ಮಳೆಗಾಲದಲ್ಲಿ ಮಾತ್ರ, ತೇವದ ಕಾಟ ಬಹುಪಾಲು ವರ್ಷವಿಡೀ. ಆದ್ದರಿಂದ ಚಿತ್ರದ ಬೆಳ್ಳಿಯ ಜಾಗದಲ್ಲಿ ಒಂದಿಷ್ಟು ಚಿನ್ನ ಕೂರಿಸುವ ಟೋನಿಂಗನ್ನು ನಾನು ಬಣ್ಣದ ಶೋಕಿಯೆಂದು ಎಣಿಸುವುದಿಲ್ಲ. ಬಿಸಿಲಿನಲ್ಲಿ ಮೂಡಿದ ಬೆಳ್ಳಿಯ ಕಣಗಳು ಅತಿ ಸೂಕ್ಷ್ಮವಾದವು. ಸರಿಯಾಗಿ ತೊಳೆಯದೆ ಉಳಿದ ಹೈಪೋದ, ಅಂದರೆ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರಿನ, ಗಂಧಕಕ್ಕೆ ಗಾಳಿಯ ತೇವ ಜೊತೆಯಾದರೆ ಚಿತ್ರ ಹಳದಿಗಟ್ಟಿ ಮಾಸುತ್ತದೆ. ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಇದೇ ದೂರಿನ ತನಿಖೆಗೆ 1855ರಲ್ಲಿ ಸಮಿತಿ ನೇಮಿಸಿದಾಗ, ಅದು ಸೂಚಿಸಿದ ಪರಿಹಾರಗಳಲ್ಲಿ ಚಿನ್ನದ ಟೋನಿಂಗ್ ಕೂಡ ಒಂದಾಗಿತ್ತು.

ಕಾಗದಕ್ಕೂ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪನ್ನೇ ಬಳಸಬಾರದೇ ಎಂದು ಗೆಳೆಯರು ಕೇಳುವುದುಂಟು. ಮಾವಿನಮಿಡಿ ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಕಾಗದಕ್ಕೆ ಮಾತ್ರ ಮಣ್ಣಿನಂಶವಿಲ್ಲದ ಶುದ್ಧ ಸೋಡಿಯಂ ಕ್ಲೋರೈಡೇ ಬೇಕು.

ಟೋನಿಂಗ್ ನಡೆಯಬೇಕಾದದ್ದು ಫಿಕ್ಸರಿಗೆ ಮೊದಲು. ಬಿಸಿಲಿನಿಂದ ತೆಗೆದ ಪ್ರಿಂಟನ್ನು ಬಾವಿನೀರಿಗೆ ಹಾಕಿದೊಡನೆ, ಹೆಚ್ಚುವರಿ ಸಿಲ್ವರ್ ನೈಟ್ರೇಟ್ ನೀರಿನ ಉಪ್ಪಿನಂಶದೊಡನೆ ಸೇರಿ ಟ್ರೇಯೆಲ್ಲ ಹಾಲುಹಾಲಾಗುತ್ತದೆ. ನೀರು ತಿಳಿಯಾಗುವವರೆಗೂ ಬದಲಿಸುತ್ತಿರಬೇಕು, ಇಲ್ಲವಾದರೆ ಆ ಬೆಳ್ಳಿ ಟೋನರಿನ ಚಿನ್ನವನ್ನು ವೃಥಾ ಹಾಳುಮಾಡುತ್ತದೆ. ನನ್ನ ಟೋನರ್ ಹಳೆಯ ಕ್ರಮದ್ದೇ: 800 ಮಿಲಿಲೀಟರ್ ಬೆಚ್ಚಗಿನ ಡಿಸ್ಟಿಲ್ಡ್ ನೀರಿಗೆ 6 ಗ್ರಾಂ ಬಿಳಿಗಾರ, ಶೇ. 1ರ ಗೋಲ್ಡ್ ಕ್ಲೋರೈಡ್ ದ್ರಾವಣ 12 ಮಿಲಿಲೀಟರ್. ಗೋಲ್ಡ್ ಕ್ಲೋರೈಡಿನ ತೂಕದಲ್ಲಿ ಸುಮಾರು ಅರ್ಧ ಮಾತ್ರ ಚಿನ್ನವಾದ್ದರಿಂದ, ಇಷ್ಟರಲ್ಲಿರುವುದು 60 ಮಿಲಿಗ್ರಾಂ. ಬೆಸುಗೆಗೆ ಅದೇ ಬಿಳಿಗಾರ ಬಳಸುವ ಪರಿಚಯದ ಅಕ್ಕಸಾಲಿಗ ಶೇಟರು ಲೆಕ್ಕ ಹಾಕಿ, "ಅರ್ಧ ಗುಂಜಿ ಆಯ್ತಷ್ಟೇ ಮಾರಾಯ್ರೆ, ಮೂಗುಬೊಟ್ಟಿಗೂ ಸಾಲುದಿಲ್ಲ" ಎಂದು ನಕ್ಕರು.

ಆ ಅರ್ಧ ಗುಂಜಿಯ ಕೆಲಸವನ್ನು ನೋಡಬೇಕಾದದ್ದು ಟ್ರೇಯಲ್ಲಿ. ಕಾಳಿ ನದಿಯ ಮೇಲಿನ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯುವ ಮೊದಲು ತೆಗೆದಿದ್ದ ಒಂದು ನೆಗೆಟಿವ್ ನನ್ನಲ್ಲಿದೆ. ಅದರ ಪ್ರಿಂಟ್ ಟೋನರಿಗೆ ಇಳಿದಾಗ ಇಟ್ಟಿಗೆಗೆಂಪು. ಮೊದಲು ಬದಲಾಗುವುದು ತೆಳುಬಣ್ಣದ ಆಕಾಶ ಮತ್ತು ನೀರು. ಅವು ತಣ್ಣನೆಯ ಬೂದಿಗೆ ತಿರುಗಿದ ಮೇಲೂ ಕಂಬಗಳ ನೆರಳು ಕೆಂಪಾಗಿಯೇ ಇದ್ದು, ನಿಧಾನವಾಗಿ ನೇರಳೆಗಂದಿಗೆ ಬರುತ್ತದೆ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇನ್ನೂ ಬಿಟ್ಟರೆ ಚಿತ್ರವೆಲ್ಲ ನೀಲಿಗಪ್ಪಾಗಿ ಜೀವ ಕಳೆದುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಈ ದ್ರಾವಣದ ಚಿನ್ನದ ಒಂದು ಪರಮಾಣು ಕೂರಬೇಕಾದರೆ ಬೆಳ್ಳಿಯ ಮೂರು ಪರಮಾಣುಗಳು ಜಾಗ ಬಿಡಬೇಕು. ಫಿಕ್ಸರ್ ಕೂಡ ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಬಿಸಿಲಿನಲ್ಲಿರುವಾಗಲೇ ಬೇಕಾದದ್ದಕ್ಕಿಂತ ಗಾಢವಾಗಿ ಮೂಡಿಸಿಕೊಳ್ಳುವುದು ಅನಿವಾರ್ಯ.

ಪ್ಲಾಟಿನಂ ಮತ್ತು ಪೆಲೇಡಿಯಂ ಟೋನರುಗಳನ್ನು ನಾನು ಕಬ್ಬಿಣದ ಲವಣದ ನೆರವಿನಿಂದ ಬೆಳ್ಳಿಯ ಚಿತ್ರ ಮೂಡಿಸುವ ವಿಧಾನವಾದ ಕ್ಯಾಲಿಟೈಪ್‌ಗೆ ಮೀಸಲಿಟ್ಟಿದ್ದೇನೆ. ಸಿಟ್ರಿಕ್ ಆಮ್ಲದೊಡನೆ ಬಳಸುವ ಇವುಗಳಲ್ಲಿ ಪ್ಲಾಟಿನಂ ತಟಸ್ಥವಾದ ಕಪ್ಪನ್ನೂ ಪೆಲೇಡಿಯಂ ಬೆಚ್ಚನೆಯ ಕಂದನ್ನೂ ಕೊಡುತ್ತವೆ. ಯಾವ ಲೋಹವಾದರೂ ಫಿಕ್ಸರ್ ಮತ್ತು ಟೋನರಿಗೆ ಬೇರೆ ಬೇರೆ ಟ್ರೇ, ಬೇರೆ ಬೇರೆ ಇಕ್ಕಳ ಇರಲೇಬೇಕು, ಏಕೆಂದರೆ ಹೈಪೋದ ನಾಲ್ಕು ಹನಿ ಬಿದ್ದರೂ ದುಬಾರಿ ಟೋನರ್ ಕೆಡುತ್ತದೆ.