ಹಾಸಿಗೆ ಕಟ್ಟಿಕೊಂಡು 240 ಕಿಲೋಮೀಟರ್

"ಇದೇನೋ ಇದು, ಕಾಲಿಗೆ ಹಾಸಿಗೆ ಕಟ್ಕೊಂಡು ಓಡ್ತೀಯಾ?"

ಡಬ್ಬ ಬಿಚ್ಚಿ ಹೊಸ ಶೂ ಹೊರಗೆ ತೆಗೆದಾಗ ನಮ್ಮಮ್ಮ ಕೇಳಿದ ಮೊದಲ ಮಾತು ಇದು. ತಪ್ಪೇನಿಲ್ಲ ಬಿಡಿ. ಹಿಮ್ಮಡಿ ಹತ್ತಿರ ಸೋಲ್ ನೋಡಿದರೆ ನಮ್ಮ ತುಮಕೂರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎರಡನ್ನು ಒಂದರ ಮೇಲೊಂದು ಇಟ್ಟ ಹಾಗಿದೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೆಲ್ಲಗೆ ಮೇಲೆ ಬರುತ್ತದೆ. ಅವತ್ತು ರಾತ್ರಿ ಟಿವಿ ಮುಂದೆ ಕೂತು ಅದನ್ನೇ ಒತ್ತುತ್ತಾ ಇದ್ದೆ. ನನ್ನ ಹೆಂಡತಿ ಒಂದು ಸಲ ನೋಡಿದಳು, ಬೆಲೆ ಕೇಳಿದಳು, ಆಮೇಲೆ ಏನೂ ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನನಗೆ 44 ವರ್ಷ, 81 ಕೆ.ಜಿ. ವಾರಕ್ಕೆ ಮೂರ್ನಾಲ್ಕು ದಿನ ಓಡುತ್ತೇನೆ, ಎಲ್ಲಾ ಸೇರಿ 25 ಕಿಲೋಮೀಟರ್ ಆಸುಪಾಸು. ಒಂದು ಕಿಲೋಮೀಟರಿಗೆ 7 ನಿಮಿಷ. ಅಮಾನಿಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ಒಬ್ಬರು ಹಿರಿಯರಿದ್ದಾರೆ, ಬಿಳಿ ಪಂಚೆ ಎತ್ತಿ ಕಟ್ಟಿ ಬಿರಬಿರನೆ ನಡೆಯುತ್ತಾರೆ, ಅವರನ್ನು ದಾಟಬೇಕಾದರೆ ನಾನು ಸ್ವಲ್ಪ ಕಷ್ಟಪಡಬೇಕು. ಅಂದರೆ ನಾನು ಎಂಥ ಓಟಗಾರ ಅಂತ ನಿಮಗೆ ಗೊತ್ತಾಯಿತು ಅಲ್ವಾ? ಈ ಶೂ ಮಾಡಿರುವುದೇ ನಮ್ಮಂಥವರಿಗೆ ಅಂತ ಕಂಪನಿಯವರು ಹೇಳುತ್ತಾರೆ. ಮೆಡಲ್ ಆಸೆ ಇಲ್ಲದವರಿಗೆ, ದಿನಾ ಓಡಿ ಆಫೀಸಿಗೆ ಹೋಗಬೇಕಾದವರಿಗೆ.

ಯಾವ ಕಂಪನಿ ಅಂತ ಹೇಳಲ್ಲ. ಈಗ ಎಲ್ಲಾ ಕಂಪನಿಯವರೂ ಇಂಥದ್ದೊಂದು ದಪ್ಪ ಶೂ ಮಾಡುತ್ತಾರೆ, ನಾನು ಬರೆಯುವುದರಲ್ಲಿ ಮುಕ್ಕಾಲು ಭಾಗ ಎಲ್ಲಕ್ಕೂ ಹೊಂದುತ್ತದೆ. ತಗೊಂಡಿದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಟ್ರೆಡ್‌ಮಿಲ್ ಮೇಲೆ ಎರಡು ನಿಮಿಷ ಓಡಿಸಿದರು. "ಸಾರ್, ನಿಮ್ಮ ವೆಯ್ಟ್‌ಗೆ ಇದೇ ಸರಿ, ಮಂಡಿಗೆ ಏನೂ ಆಗಲ್ಲ" ಅಂದ ಹುಡುಗ. ಎರಡು ನಿಮಿಷದಲ್ಲಿ ಎಂಥ ಶೂ ಆದರೂ ಸ್ವರ್ಗವೇ. ಟ್ರೆಡ್‌ಮಿಲ್ ಕೂಡ ಸ್ವಲ್ಪ ಮೆತ್ತಗೇ ಇರುತ್ತದೆ, ಮೆತ್ತನೆಯ ಮೇಲೆ ಮೆತ್ತನೆ, ನಾನು ಕಾರ್ಡ್ ಕೊಟ್ಟುಬಿಟ್ಟೆ.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಅಡುಗೆಮನೆ ತಕ್ಕಡಿ ಮೇಲೆ ಪೇಪರ್ ಹಾಸಿ ಒಂದು ಶೂ ಇಟ್ಟಿದ್ದು. 312 ಗ್ರಾಂ. ಹಳೇದು 268. ನಲವತ್ತು ಚಿಲ್ಲರೆ ಗ್ರಾಂ ಏನು ಮಹಾ ಅನ್ನಿಸುತ್ತದೆ, ಆದರೆ ನನ್ನ ವಾಚ್ ಪ್ರಕಾರ ನಾನು ನಿಮಿಷಕ್ಕೆ 164 ಹೆಜ್ಜೆ ಹಾಕುತ್ತೇನೆ, ಅಂದರೆ ಕಿಲೋಮೀಟರಿಗೆ 1,148, ಹತ್ತು ಕಿಲೋಮೀಟರಿಗೆ 11,480 ಹೆಜ್ಜೆ. ಪ್ರತಿ ಹೆಜ್ಜೆಗೂ ಆ ಭಾರ ಎತ್ತಬೇಕು. ಹಾಗೇ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡು ಎರಡೂವರೆ ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಸೋಲಿನಲ್ಲಿ ಮೆತ್ತನೆಯ ಫೋಮ್ ಇರುವುದು ಅದಕ್ಕೆ.

ಇನ್ನೊಂದು ವಿಷಯ. ಸ್ಕೇಲ್ ಹಿಡಿದು ಹೊರಗಿನಿಂದ ಸೋಲಿನ ದಪ್ಪ ಅಳೆಯಬೇಡಿ, ಲೆಕ್ಕ ತಪ್ಪುತ್ತದೆ. ಈ ಶೂಗಳಲ್ಲಿ ಫೋಮ್ ಅಂಚು ಮೇಲಕ್ಕೆ ಎದ್ದಿರುತ್ತದೆ, ನಮ್ಮ ಹಿಮ್ಮಡಿ ಬಟ್ಟಲೊಳಗೆ ಕೂತ ಹಾಗೆ ಒಳಗೆ ಇಳಿದಿರುತ್ತದೆ. ಹೊರಗಿಂದ ಕಾಣುವಷ್ಟು ಎತ್ತರದಲ್ಲಿ ನಾವು ನಿಂತಿರುವುದಿಲ್ಲ. ನನ್ನ ಶೂಗೆ ಕಂಪನಿ ಕೊಟ್ಟ ಅಳತೆ ಹಿಮ್ಮಡಿ ಕೆಳಗೆ 42 ಮಿಲಿಮೀಟರ್, ಬೆರಳ ಕಡೆ 37. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ತಂದ ನಿಯಮದಂತೆ ರಸ್ತೆ ಓಟದ ಸ್ಪರ್ಧೆಯಲ್ಲಿ ಸೋಲ್ 40 ಮಿಲಿಮೀಟರ್ ದಾಟಬಾರದು. ಆ ಲೆಕ್ಕದಲ್ಲಿ ನಾನು ಹಾಕಿಕೊಂಡಿರುವುದು ಕಳ್ಳ ಶೂ. ನಮ್ಮೂರಿನ ಬಟವಾಡಿ ಹತ್ತಿರ ಯಾರೂ ಇನ್ನೂ ತಡೆದು ಕೇಳಿಲ್ಲ.

ಈ ದಪ್ಪ ಸೋಲಿನ ಹುಚ್ಚು ಶುರುವಾಗಿದ್ದು ಒಂದು ತಮಾಷೆಯ ಕಾಲದಲ್ಲಿ. 2009, 2010ರ ಹೊತ್ತಿಗೆ ಎಲ್ಲರೂ ಬರಿಗಾಲಲ್ಲಿ ಓಡಬೇಕು, ಸೋಲೇ ಇರಬಾರದು ಅಂತಿದ್ದರು. ಕಾಲಿನ ಐದು ಬೆರಳಿಗೂ ಬೇರೆ ಬೇರೆ ಗೂಡು ಇರುವ ಶೂ ನೆನಪಿದೆಯಾ? ಅದೇ ಕಾಲ. ಸರಿಯಾಗಿ 2009ರಲ್ಲೇ ಫ್ರಾನ್ಸಿನಲ್ಲಿ ನಿಕೊಲಾ ಮರ್ಮೂ, ಜಾನ್-ಲೂಕ್ ದಿಯಾರ್ ಅನ್ನೋ ಇಬ್ಬರು ಹೋಕಾ ಅನ್ನೋ ಶೂ ಕಂಪನಿ ಶುರು ಮಾಡಿದರು. ಬೆಟ್ಟದಿಂದ ಕೆಳಗೆ ವೇಗವಾಗಿ ಇಳಿಯುವಾಗ ಕಾಲು ಉಳಿಯಬೇಕು, ಅದಕ್ಕೆ ದಪ್ಪ ಫೋಮ್ ಬೇಕು ಅನ್ನುವುದು ಅವರ ಲೆಕ್ಕ. (ನನ್ನ ಶೂ ಅವರದ್ದಲ್ಲ.) ಊರೆಲ್ಲ ಬರಿಗಾಲು ಅನ್ನುವಾಗ ಇಷ್ಟು ದಪ್ಪ ಶೂ ತಂದರೆ ಜನ ನಗದೆ ಇರುತ್ತಾರಾ. ಈಗ ನೋಡಿದರೆ ಎಲ್ಲರ ಕಾಲಲ್ಲೂ ಅದೇ.

ಸರಿ, ಓಟಕ್ಕೆ ಬರೋಣ. ಜೂನ್ ಮೊದಲ ವಾರ ಶುರು ಮಾಡಿ ಆಗಸ್ಟ್ ನಡುವಿನ ತನಕ 240 ಕಿಲೋಮೀಟರ್ ಓಡಿದ್ದೇನೆ.

ಬಿ.ಎಚ್. ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ, ಬಸ್ಸುಗಳ ಕಾಟ ಜಾಸ್ತಿ ಆಗುವ ಮುಂಚೆ, ಕ್ಯಾತ್ಸಂದ್ರದ ಕಡೆ ಹೋಗಿ ವಾಪಸ್ ಬರುವುದು ನನ್ನ ಭಾನುವಾರದ ದಾರಿ. ಗಟ್ಟಿ ಡಾಂಬರು. ಈ ಶೂ ಹುಟ್ಟಿರುವುದೇ ಇಂಥ ರಸ್ತೆಗೆ. ಮೊದಲ ಭಾನುವಾರ 8 ಕಿಲೋಮೀಟರ್ ಆದಾಗ ಏನೋ ಮರೆತಿದ್ದೇನೆ ಅನ್ನಿಸಿತು. ಯೋಚನೆ ಮಾಡಿದರೆ, ಎಡ ಮಂಡಿ ನೋವು. ಹಳೇ ಶೂನಲ್ಲಿ ಆರನೇ ಕಿಲೋಮೀಟರಿಗೆ ಸರಿಯಾಗಿ ಹಾಜರಿ ಹಾಕುತ್ತಿತ್ತು, ಅವತ್ತು ಬರಲೇ ಇಲ್ಲ. ಮನೆಗೆ ಬಂದು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲಿಲ್ಲ. ಹೆಂಡತಿಗೆ ಹೇಳಿದೆ. "ರೀ, ಅಷ್ಟು ದುಡ್ಡು ಕೊಟ್ಟಮೇಲೆ ಅಷ್ಟಾದ್ರೂ ಆಗ್ಬೇಕಲ್ವಾ" ಅಂದಳು. ಅಂತೂ ಮಾತಾಡಿದಳು.

ಸೋಲಿನ ಮುಂಭಾಗ ತೊಟ್ಟಿಲಿನ ಕೆಳಗಿನ ಹಾಗೆ ಸ್ವಲ್ಪ ಬಾಗಿದೆ. ಹಿಮ್ಮಡಿ ಊರಿದರೆ ಸಾಕು, ಅದೇ ಉರುಳಿಸಿಕೊಂಡು ಮುಂದಕ್ಕೆ ಹಾಕುತ್ತದೆ, ಬೆರಳು ಜಾಸ್ತಿ ಮಡಚಬೇಕಾಗಿಲ್ಲ. ಇಷ್ಟು ದಪ್ಪ ಫೋಮನ್ನು ನಾವೇ ಬಗ್ಗಿಸಲು ಆಗುವುದಿಲ್ಲ, ಅದಕ್ಕೇ ಮೊದಲೇ ಬಗ್ಗಿಸಿ ಕೊಟ್ಟಿದ್ದಾರೆ. ನಿಧಾನಕ್ಕೆ ಓಡುವಾಗ ಇದು ತುಂಬಾ ಚೆನ್ನಾಗಿದೆ. ಜೋರಾಗಿ ಓಡೋಣ ಅಂತ ಹೊರಟರೆ ಕೆಸರಲ್ಲಿ ಹೆಜ್ಜೆ ಇಟ್ಟಂತೆ, ಒದ್ದ ಬಲದಲ್ಲಿ ಅರ್ಧ ಫೋಮೇ ತಿಂದುಹಾಕುತ್ತದೆ. ಎರಡು ಸಲ ಸ್ಟೇಡಿಯಂಗೆ ಹೋಗಿ 400 ಮೀಟರ್ ಸುತ್ತು ಹಾಕಿ ನೋಡಿದೆ. ಹಳೇ ಶೂನಲ್ಲಿ ಅದೇ ದಮ್ಮಿಗೆ ನಾಲ್ಕೈದು ಸೆಕೆಂಡ್ ಬೇಗ ಮುಗಿಯುತ್ತದೆ. ಇದು ನನ್ನೊಬ್ಬನ ವಾಚಿನ ಮಾತು, ವಿಜ್ಞಾನ ಅಲ್ಲ.

ವಿಜ್ಞಾನದ ಮಾತು ಬೇಕಾದರೆ ಅದೂ ಒಂಥರಾ ಗೊಂದಲವೇ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 12 ಗಂಡಸರನ್ನು ಮಾಮೂಲಿ ಶೂ, ದಪ್ಪ ಶೂ ಎರಡರಲ್ಲೂ ಓಡಿಸಿದರು. ಗಂಟೆಗೆ 14.5 ಕಿಲೋಮೀಟರ್ ವೇಗದಲ್ಲಿ ದಪ್ಪ ಶೂನಲ್ಲೇ ನೆಲದ ಪೆಟ್ಟು ಜಾಸ್ತಿ ಕಂಡಿತು. ಅವರು ಕೊಟ್ಟ ಕಾರಣ ಏನೆಂದರೆ, ಕೆಳಗೆ ಮೆತ್ತಗಿದೆ ಅಂತ ಗೊತ್ತಾದ ತಕ್ಷಣ ನಮ್ಮ ಕಾಲು ತಾನಾಗಿ ಬಿಗಿಯಾಗುತ್ತದೆ, ಬಗ್ಗಿ ಪೆಟ್ಟು ತಡೆಯುವ ಕೆಲಸ ಕಮ್ಮಿ ಮಾಡುತ್ತದೆ. ನಿಧಾನದ ವೇಗದಲ್ಲಿ ಆ ವ್ಯತ್ಯಾಸ ಅಷ್ಟಿರಲಿಲ್ಲ. ಗಂಟೆಗೆ 14.5 ಅಂದರೆ ನಾನು ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ ಓಡುವ ವೇಗ, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆ. 2020ರಲ್ಲಿ ಲಕ್ಸೆಂಬರ್ಗಿನವರು 800ಕ್ಕೂ ಹೆಚ್ಚು ಜನರಿಗೆ ನೋಡಲು ಒಂದೇ ಥರ ಇರುವ ಶೂ ಕೊಟ್ಟರು, ಕೆಲವರಿಗೆ ಮೆತ್ತನೆಯದು, ಕೆಲವರಿಗೆ ಗಟ್ಟಿಯದು, ಯಾರದ್ದು ಯಾವುದು ಅಂತ ಹೇಳದೆ. ಆರು ತಿಂಗಳಲ್ಲಿ ಗಟ್ಟಿ ಶೂನವರಿಗೆ ಗಾಯ ಜಾಸ್ತಿ. ಇಲ್ಲಿ ತನಕ ಖುಷಿಯಾಗಿ ಓದಿದೆ. ಮುಂದೆ ನೋಡಿದರೆ, ಆ ಲಾಭ ಕಂಡಿದ್ದು ಮೈತೂಕ ಕಮ್ಮಿ ಇರುವವರಲ್ಲಿ, ಭಾರದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂಗಡಿ ಹುಡುಗ ಹೇಳಿದ್ದಕ್ಕೆ ಪೂರ್ತಿ ಉಲ್ಟಾ! ಆದರೂ ನನ್ನ ಮಂಡಿ ಸುಮ್ಮನಿದೆಯಲ್ಲ, ಅದರ ಜೊತೆ ನಾನು ವಾದ ಮಾಡಲ್ಲ.

ಆದರೆ ನೋವು ಪೂರ್ತಿ ಮನೆ ಬಿಟ್ಟು ಹೋಗಲಿಲ್ಲ, ಕೋಣೆ ಬದಲಾಯಿಸಿತು ಅಷ್ಟೇ. ಮೂರನೇ ವಾರ ಮೀನಖಂಡ ಹಿಡಿದುಕೊಂಡಿತು, ಎರಡೂ ಕಾಲಲ್ಲಿ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಬಾತುಕೋಳಿ ನಡಿಗೆ. ಆಮೇಲೆ ಹೊಳೆಯಿತು. ಹಳೇ ಶೂನಲ್ಲಿ ಹಿಮ್ಮಡಿ ಬೆರಳಿಗಿಂತ 10 ಮಿಲಿಮೀಟರ್ ಎತ್ತರ ಇತ್ತು, ಇದರಲ್ಲಿ 5. ಹಿಮ್ಮಡಿ ಇಳಿದಷ್ಟೂ ಅದರ ಹಿಂದಿನ ಸ್ನಾಯುರಜ್ಜು, ಮೀನಖಂಡ ಎರಡೂ ಜಾಸ್ತಿ ಎಳೆಯುತ್ತವೆ. ಇಪ್ಪತ್ತು ವರ್ಷ ಎತ್ತರದ ಹಿಮ್ಮಡಿಯಲ್ಲೇ ಓಡಾಡಿದ ಕಾಲನ್ನು ಒಂದೇ ವಾರದಲ್ಲಿ ಬದಲಾಯಿಸು ಅಂದರೆ ಅದು ಕೇಳುತ್ತದಾ? ಎರಡು ವಾರ ಒಂದು ದಿನ ಹೊಸದು, ಒಂದು ದಿನ ಹಳೇದು ಅಂತ ಹಾಕಿದೆ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಇಳಿಸಿ ಎತ್ತುವುದು ಮಾಡಿದೆ, ಸರಿಹೋಯಿತು. ಡಬ್ಬದ ಮೇಲೆ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಡಾಂಬರು ಬಿಟ್ಟರೆ ಕಥೆಯೇ ಬೇರೆ. ನಮ್ಮ ಬಡಾವಣೆಯ ಒಳರಸ್ತೆಗಳಲ್ಲಿ ಪೈಪಿಗೆ ಅಂತ ಅಗೆದು ಮುಚ್ಚಿದ ಜಾಗ ಬೇಕಾದಷ್ಟಿವೆ, ಡಾಂಬರಿನ ಅಂಚು ಮುರಿದು ಮಣ್ಣಿಗೆ ಇಳಿಯುವ ಕಡೆ ಅರ್ಧ ಅಡಿ ಗುಂಡಿ. ಒಂದು ದಿನ ಎದುರಿಗೆ ಬಂದ ಹಾಲಿನ ಗಾಡಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದೆ, ಬಲಗಾಲು ಅಂಚಿನ ಮೇಲೆ ಬಿತ್ತು. ತೆಳು ಶೂ ಆಗಿದ್ದರೆ ಅಂಚು ಪಾದಕ್ಕೆ ತಗುಲಿ ಕಾಲು ತಾನೇ ಎಚ್ಚೆತ್ತುಕೊಳ್ಳುತ್ತಿತ್ತು. ಇಲ್ಲಿ ಫೋಮ್ ಒಂದು ಕಡೆ ಕುಸಿಯಿತು, ಕಾಲು ಹೊರಕ್ಕೆ ಹೊರಳಿತು, ನನಗೆ ಗೊತ್ತಾಗುವ ಹೊತ್ತಿಗೆ ಕೈ ನೆಲದ ಮೇಲಿತ್ತು. ಉಳುಕಲಿಲ್ಲ, ಅದೃಷ್ಟ. ಹಾಲಿನವನು ಗಾಡಿ ನಿಲ್ಲಿಸಿ "ಏನ್ ಸಾರ್, ಇಷ್ಟೆತ್ತರದ್ದು ಹಾಕ್ಕೊಂಡು ಓಡಿದ್ರೆ ಇನ್ನೇನಾಗುತ್ತೆ" ಅಂತ ಬುದ್ಧಿ ಹೇಳಿ ಹೋದ.

ಒಂದು ಜಲ್ಲಿಕಲ್ಲಿನ ಕಥೆಯನ್ನೂ ಹೇಳಬೇಕು. ಭಾರ ಕಮ್ಮಿ ಮಾಡಲು ಈ ಶೂಗಳ ತಳದಲ್ಲಿ ಪೂರ್ತಿ ರಬ್ಬರ್ ಹಾಕುವುದಿಲ್ಲ. ಹಿಮ್ಮಡಿಯ ಹೊರ ಅಂಚಿಗೆ ಒಂದು ತುಂಡು, ಮುಂದೆ ಎರಡು ತುಂಡು, ಉಳಿದಿದ್ದು ಬರೀ ಫೋಮ್, ನಡುವೆ ಉದ್ದಕ್ಕೆ ಒಂದು ಸೀಳು. ಒಂದು ಭಾನುವಾರ ಗೆಳೆಯನ ಬೈಕಿನಲ್ಲಿ ದೇವರಾಯನದುರ್ಗಕ್ಕೆ ಹೋಗಿ, ಭೋಗನರಸಿಂಹ ದೇವಸ್ಥಾನದಿಂದ ಮೇಲಕ್ಕೆ ಘಾಟಿ ರಸ್ತೆಯಲ್ಲಿ ಓಡಿದ್ದೆ. ಓಡಿದ್ದೆ ಅನ್ನುವುದು ಮರ್ಯಾದೆಗೆ, ಅರ್ಧ ನಡೆದಿದ್ದೆ. ಇಳಿಯುವಾಗ ಮಾತ್ರ ಶೂ ರಾಜನ ಹಾಗೆ ಇತ್ತು, ಹೋಕಾದವರ ಬೆಟ್ಟದ ಲೆಕ್ಕ ನನಗೆ ಅರ್ಥವಾಗಿದ್ದು ಅಲ್ಲೇ, ತೊಡೆ ನೋಯಲಿಲ್ಲ. ಆದರೆ ಮೂರನೇ ತಿರುವಿನಿಂದ ಎಡಗಾಲಲ್ಲಿ ಟಕ್, ಟಕ್, ಟಕ್. ಕೋತಿಗಳು ಕೂಡ ತಿರುಗಿ ನೋಡಿದವು. ಕೂತು ಶೂ ಎತ್ತಿ ನೋಡಿದರೆ ಆ ಸೀಳಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಕಲ್ಲು, ಹಲ್ಲು ಮೂಡಿದ ಹಾಗೆ ಸಿಕ್ಕಿಕೊಂಡಿದೆ. ಉಗುರಿನಿಂದ ಬರಲಿಲ್ಲ, ಬೈಕ್ ಕೀಲಿಯಿಂದ ಮೀಟಿ ತೆಗೆದೆ. ತೆಗೆದ ಜಾಗದಲ್ಲಿ ಫೋಮ್ ಚೂರು ಕಿತ್ತು ಬಂದಿತ್ತು, ಕೊಬ್ಬರಿ ತುರಿಯ ಥರ. ಈಗ 240 ಕಿಲೋಮೀಟರಿಗೆ ಆ ಬರೀ ಫೋಮಿನ ಜಾಗವೆಲ್ಲ ಉಜ್ಜಿಹೋಗಿದೆ, ರಬ್ಬರ್ ಇರುವ ಕಡೆ ಇನ್ನೂ ಗೆರೆ ಕಾಣುತ್ತಿವೆ.

ಮಳೆ ಬಗ್ಗೆ ಒಂದೇ ಮಾತು. ನೆನೆದು ಬಂದ ದಿನ ಮತ್ತೆ ತಕ್ಕಡಿ ಮೇಲಿಟ್ಟೆ, 389 ಗ್ರಾಂ. ಹಿಮ್ಮಡಿ ಸುತ್ತ ಇರುವ ದಪ್ಪ ಮೆತ್ತೆಯೇ ನೀರು ಕುಡಿಯುವುದು. ಒಳಗಿನ ಹಾಸು ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ, ಫೋಮೂ ಹಾಳಾಗುತ್ತದೆ.

ತಗೊಳ್ಳುವವರು ಸಾಯಂಕಾಲ ಹೋಗಿ. ಓಡುವಾಗ ಕಾಲು ಊದುತ್ತದೆ, ಬೆಳಿಗ್ಗೆಯ ಕಾಲಿಗೆ ಸರಿಯಾದ ಶೂ ಹತ್ತನೇ ಕಿಲೋಮೀಟರಿಗೆ ಕಚ್ಚುತ್ತದೆ. ನಾನು ಬೆಳಿಗ್ಗೆ ಹೋಗಿದ್ದೆ, ಕಿರುಬೆರಳಿಗೆ ಬೊಬ್ಬೆ ಬಂತು. ಹಿಮ್ಮಡಿ ಜಾರಿದರೆ, ಮೇಲೆ ಎಲ್ಲರೂ ಖಾಲಿ ಬಿಡುವ ಆ ಕೊನೆಯ ತೂತಿಗೆ ಲೇಸ್ ಹಾಕಿ ಕಟ್ಟಿ. ಅದು ಅಲಂಕಾರಕ್ಕೆ ಇರುವುದಲ್ಲ.

ಈಗ ನನ್ನ ಲೆಕ್ಕ ಹೀಗಿದೆ: ಭಾನುವಾರ ಮತ್ತು ಮೈಕೈ ಸುಸ್ತಾದ ದಿನ ಇದು, ಜೋರಾಗಿ ಓಡುವ ದಿನ ಮತ್ತು ಮಣ್ಣಿನ ದಾರಿಯ ದಿನ ಹಳೇದು. ಇರುವುದೊಂದೇ ಶೂಗೆ ದುಡ್ಡು ಅನ್ನುವವರಾದರೆ ಇದನ್ನು ತಗೊಳ್ಳಬೇಡಿ, ಇಷ್ಟು ದಪ್ಪ ಇಲ್ಲದ ಮಾಮೂಲಿ ಶೂ ಅರ್ಧ ಬೆಲೆಗೆ ಸಿಗುತ್ತದೆ.

ಹೋದ ಭಾನುವಾರ ಓಟ ಮುಗಿಸಿ ಕ್ಯಾತ್ಸಂದ್ರದ ಹೋಟೆಲಿನಲ್ಲಿ ಕೂತಿದ್ದೆವು. ಗೆಳೆಯ ಅವತ್ತು ಓಡಿರಲಿಲ್ಲ, ಹವಾಯಿ ಚಪ್ಪಲಿಯಲ್ಲಿ ಬರೀ ಇಡ್ಲಿಗೆ ಅಂತ ಬಂದಿದ್ದ. "ಕೊಡು ಗುರು, ಏನಿದೆ ಅದ್ರಲ್ಲಿ ನೋಡೋಣ" ಅಂತ ನನ್ನ ಶೂ ಹಾಕಿಕೊಂಡು ಹೊರಗೆ ಹೋದ, ನಾನು ಅವನ ಚಪ್ಪಲಿ ಮೆಟ್ಟಿ ಕೂತೆ. ಬಾಗಿಲಿಂದ ಬೈಕ್ ನಿಲ್ಲಿಸಿದ ಜಾಗದ ತನಕ ನಡೆದ, ಎರಡು ಸಲ ಎಗರಿದ, ಕಾಫಿ ಲೋಟ ಹಿಡಿದವರೆಲ್ಲ ನೋಡುತ್ತಿದ್ದರು. ವಾಪಸ್ ಬಂದು ಕೂತು ಲೇಸ್ ಬಿಚ್ಚುತ್ತಾ ಹೇಳಿದ, "ಚೆನ್ನಾಗಿದೆ. ಆದ್ರೆ ನೆಲ ಎಲ್ಲಿ ಹೋಯ್ತು ಮಾರಾಯ?"

ಬೆಲೆ ಹೇಳಿದೆ. ಸುಮ್ಮನೆ ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದ, ಬಿಲ್ಲು ನನ್ನ ಕಡೆ ತಳ್ಳಿದ.