ಮಡಿಕೇರಿಯ ಮಳೆ ಮಡಿಕೆಯೊಳಗೆ

ಸಿಕ್ಕಿತು! ಆದ್ರೆ ಸಿಗಲಿಲ್ಲ. ಹೇಳ್ತೀನಿ.

ನಮ್ಮ ಕಾಫಿ ತೋಟದ ಮಳೆ ಅಳೆದು ಮುತ್ತಜ್ಜ ಬರೆದಿಟ್ಟ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ಇಂಚು-ಸೆಂಟನ್ನು (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಪಾಲು) ಮಿಲಿಮೀಟರ್ ಮಾಡಿದ್ದೆಲ್ಲ ಮುಗಿಯಿತು. ಉಳಿದದ್ದು ಒಂದೇ ತೂತು, 1924ರ ಜುಲೈ. ಕಾವೇರಿ ಹುಚ್ಚೆದ್ದು ಹರಿದ ಆ ತಿಂಗಳ ಹಾಳೆಯನ್ನೇ ಗೆದ್ದಲು ಹುಡುಕಿಕೊಂಡು ತಿಂದಿದೆ. 2018ರ ಆಗಸ್ಟ್ ಜೊತೆ ಹೋಲಿಸೋಕೆ ಅದೇ ಬೇಕು, ಅಲ್ವಾ? ತೋಟದ ಲೆಕ್ಕ ಹೋದ್ರೆ ಹೋಗಲಿ, ಮಡಿಕೇರಿಯದ್ದಾದ್ರೂ ಸಿಗಲಿ ಅಂತ ಹುಡುಕಲು ಕೂತೆ.

ಗೂಗಲ್‌ನಲ್ಲಿ ಕೂರ್ಗ್ ಮಳೆ ಅಂದ್ರೆ ಹೋಂಸ್ಟೇ, ಮಳೆಗಾಲದ ಪ್ಯಾಕೇಜ್, ಮತ್ತೆ ಹೋಂಸ್ಟೇ. ಹೋಂಸ್ಟೇ ಅನ್ನೋ ಪದದ ಮುಂದೆ ಮೈನಸ್ ಗುರುತು ಹಾಕಿ ಅವನ್ನೆಲ್ಲ ಓಡಿಸಿದೆ. ಪಿಡಿಎಫ್ ಮಾತ್ರ ಸೋಸಿದೆ. ಮೂರು ವಾರ ಹೋಯ್ತು.

ಸೋತು ಲೈಬ್ರರಿ ಮೇಡಂ ಹತ್ರ ಹೋದೆ. ಅವರು ಕೀಬೋರ್ಡ್ ಮುಟ್ಟಲೇ ಇಲ್ಲ. "ಆವತ್ತು ಮಳೆ ಅಳೆದು ಅಚ್ಚು ಹಾಕಿಸಿದವರು ಯಾರು? ನಮ್ಮೂರನ್ನು ಅವರು ಏನಂತ ಬರೀತಿದ್ರು?" ಅಂದರು. ನಾನು ಪೆಚ್ಚು. ಬರೆದದ್ದು ಬ್ರಿಟಿಷ್ ಸರ್ಕಾರ, ಅವರ ಬಾಯಲ್ಲಿ ಮಡಿಕೇರಿ ಮೆರ್ಕಾರ (Mercara)! ಇಷ್ಟು ದಿನ ಮಡಿಕೇರಿ, ಮಡಿಕೇರಿ ಅಂತ ಜಪ ಮಾಡಿದ್ದೆ.

ಮೆರ್ಕಾರ ಅಂದ್ರೂ ಹಳೇ ಪುಸ್ತಕಗಳ ಸ್ಕ್ಯಾನ್ ಇಟ್ಟಿರುವ ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಏನೂ ಬರಲಿಲ್ಲ. "ಸುಮ್ನೆ ಹುಡುಕಿದ್ರೆ ಪುಸ್ತಕದ ಹೆಸರು, ವಿವರ ಮಾತ್ರ ನೋಡುತ್ತೆ. ಒಳಗಿನ ಪಠ್ಯ ಹುಡುಕು ಅನ್ನೋದನ್ನು ಆರಿಸಿ" ಅಂದರು. ಆಮೇಲೆ ಬೇಕಂತಲೇ ತಪ್ಪು ಸ್ಪೆಲ್ಲಿಂಗ್ ಹೊಡೆಸಿದರು. ಹಳೇ ಅಚ್ಚನ್ನು ಓದುವಾಗ ಯಂತ್ರ ಇಂಗ್ಲಿಷಿನ 'ಸಿ'ಯನ್ನು 'ಇ' ಮಾಡಿಬಿಡುತ್ತಂತೆ, Mercara ಹೋಗಿ Mereara. ಲೈಬ್ರರಿಗಳ ಸ್ಕ್ಯಾನ್ ಪುಸ್ತಕ ಸೇರಿಸಿಟ್ಟ ಹಾಥಿಟ್ರಸ್ಟ್ ತಾಣದಲ್ಲೂ ಅದನ್ನೇ ಹೊಡೆದೆವು. ಅಲ್ಲಿ ಪುಟ ತೋರಿಸದ ಪುಸ್ತಕಕ್ಕೂ ಪದ ಯಾವ ಪುಟದಲ್ಲಿದೆ ಅಂತ ಗೊತ್ತಾಗುತ್ತೆ. 1924ರ ಸರ್ಕಾರಿ ಮಳೆ ಲೆಕ್ಕದ ಸಂಪುಟ, ಅದರ ಪುಟ ಸಂಖ್ಯೆ ಸಿಕ್ಕಿತು. ಅದೇ ಸಂಪುಟ ಆರ್ಕೈವ್‌ನಲ್ಲಿ ಬೇರೆ ವರ್ಷದ ಹೆಸರಲ್ಲಿ ಅವಿತು ಕೂತಿತ್ತು.

ಪುಟ ತೆರೆಯೋ ಮೊದಲು, ಈ ನಡುವೆ ತೋಟದ ಮಳೆ ಅಳೆಯೋ ಜಾರ್ ಕಥೆ. ನಮ್ಮದು ಸೈಮನ್ಸ್ ಮಾದರಿ ಮಳೆಮಾಪಕ, 5 ಇಂಚು ಬಾಯಿ. ಅಳತೆ ಜಾರ್ ಒಡೆದಿತ್ತು. ಆನ್‌ಲೈನ್ ಅಂಗಡಿಯ ಮಹಾಶಯ ಕಳಿಸಿದ್ದು ಇನ್ನೂ ಅಗಲದ, 200 ಚದರ ಸೆಂಮೀ ಬಾಯಿಗೆ ಹೊಂದುವ ಜಾರ್. 25 ಮಿಮೀ ಮಳೆ ಬಂದ್ರೆ ಅದರಲ್ಲಿ 16 ತೋರಿಸುತ್ತೆ! "ಜಾರ್ ಅಂದ್ರೆ ಜಾರ್ ತಾನೇ ಸಾರ್" ಅಂತಾನೆ. ಎರಡು ಸಲ ವಾಪಸ್ ಕಳಿಸಿದೆ, ಎರಡು ಸಲವೂ ಅದೇ ಬಂತು. ಇದು ಸರಿಯಾದ ಮೇಲೆ ಮುಂದಿನದು ಹೂಮಳೆ ಪಟ್ಟಿ. ಕಾಫಿ ಹೂ ಬಿಡಿಸಿದ ಮಳೆ ಯಾವ ದಿನ ಬಂತು ಅಂತ ಮುತ್ತಜ್ಜ ವರ್ಷಾವರ್ಷ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಗೆದ್ದಲಿಗೆ ಆ ಶಾಯಿ ಹಿಡಿಸಿಲ್ಲ ಅಂತ ಕಾಣುತ್ತೆ.

ಸರಿ, ಪುಟ ತೆರೆದೆವು. ಎಡಗಡೆ ಊರುಗಳ ಹೆಸರು, ಮಧ್ಯದಲ್ಲಿ ಮೆರ್ಕಾರ. ಜನವರಿ, ಫೆಬ್ರವರಿ... ಜೂನ್. ಅಲ್ಲಿಗೆ ಕಾಗದ ಮಡಿಸಿದೆ. ಉದ್ದದ ಹಾಳೆಯನ್ನು ಬಿಚ್ಚದೇ ಸ್ಕ್ಯಾನ್ ಮಾಡಿದ್ದಾರೆ ಪುಣ್ಯಾತ್ಮರು. ಮೂಲೆಯಲ್ಲಿ ಅವರ ಹೆಬ್ಬೆರಳು ಮಾತ್ರ ಉಗುರಿನ ಸಮೇತ ಚೆನ್ನಾಗಿ ಬಂದಿದೆ.

ಮೇಡಂ ನಕ್ಕು, ಯಾವ ಪುಸ್ತಕ ಯಾವ ಲೈಬ್ರರಿಯಲ್ಲಿದೆ ಅಂತ ಹೇಳುವ ವರ್ಲ್ಡ್‌ಕ್ಯಾಟ್ ತೆರೆದರು. ಇನ್ನೊಂದು ಪ್ರತಿ ಇಟ್ಟಿರುವ ಲೈಬ್ರರಿಗೆ ಮೇಲ್ ಹೋಗಿದೆ. ಪುಟ ಸಂಖ್ಯೆ ಕೊಟ್ಟಿದ್ದೀವಿ. ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ದಯವಿಟ್ಟು ಹಾಳೆ ಬಿಚ್ಚಿ.